ಅತ್ತೆಯ ಹೆಬ್ಬೆಟ್ಟು, ಹತ್ತು ಪಂಪು, ಒಂದು ಹೆಗ್ಗಣ

"ನಿಮ್ಮನೇಲೇ ಯಾಕೆ ಇಂಥವೆಲ್ಲ ಆಗೋದು?" ಅಂತ ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ ಕೇಳ್ತಾಳೆ. ಎಲ್ಲರ ಮನೆಯಲ್ಲೂ ಆಗ್ತವೆ ಕಣೆ, ಅವರು ಮುಚ್ಚಿಡ್ತಾರೆ, ನಾನು ಹೇಳ್ತೀನಿ, ಅಷ್ಟೇ ವ್ಯತ್ಯಾಸ. ನಾನು ಹೇಳೋದು ನಮ್ಮನೆಯವರಿಗೆ ಇಷ್ಟವಿಲ್ಲ. ಇಷ್ಟವಿಲ್ಲ ಅಂತ ಗೊತ್ತಾದ ಮೇಲೆ ನನಗೆ ಹೇಳೋ ಹುರುಪು ಇನ್ನೂ ಜಾಸ್ತಿಯಾಗಿದೆ.

ಕೋವಿ ಇಲ್ಲದ ಮನೆ

ನನ್ನ ತೌರು ಕುಂದೂರು ಕಡೆ. ಅಲ್ಲಿ ಒಂದು ಮನೆ ಗಟ್ಟಿಯೋ ಅಲ್ಲವೋ ಅಂತ ನೋಡುತ್ತಿದ್ದದ್ದು ಕೊಟ್ಟಿಗೆಯಲ್ಲಿದ್ದ ಎತ್ತಿನ ಮೇಲೆ. ಮದುವೆಯಾಗಿ ಹೆಗ್ಗದ್ದೆ ಕಡೆ ಬಂದ ಮೇಲೆ ಗೊತ್ತಾಯ್ತು, ಇಲ್ಲಿ ಅದನ್ನು ನೋಡೋದು ಜಗಲಿ ಗೋಡೆಯಲ್ಲಿ ನೇತಾಡೋ ಕೋವಿಯ ಮೇಲೆ. ನಮ್ಮ ಮಾವನವರ ಹತ್ತಿರ ಜೋಡಿ ನಳಿಗೆಯ ಕೋವಿ ಇತ್ತು. ಅವರು ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಅದು ಪೊಲೀಸ್ ಸ್ಟೇಷನ್ನಿಗೆ ಹೋಯ್ತು. ಗೋಡೆಯಲ್ಲಿ ಎರಡು ಗೂಟ ಮಾತ್ರ ಉಳಿದವು. ನಾನು ಒಂದು ದಿನ ಅದರ ಮೇಲೆ ಒದ್ದೆ ಟವೆಲ್ ಹಾಕಿದ್ದಕ್ಕೆ ನಮ್ಮನೆಯವರು ಎರಡು ದಿನ ಮಾತು ಬಿಟ್ಟಿದ್ದರು.

ಕೋವಿ ಇಲ್ಲದ ಅವಮಾನ ಗೊತ್ತಾಗುತ್ತಿದ್ದದ್ದು ಎಲೆಕ್ಷನ್ ಬಂದಾಗ. ಎಲೆಕ್ಷನ್ ಅಂದರೆ ಕೋವಿ ಇದ್ದವರೆಲ್ಲ ಅದನ್ನು ತಗೊಂಡು ಹೋಗಿ ಮತದಾನ ಮುಗಿಯೋ ತನಕ ಸ್ಟೇಷನ್ನಿನಲ್ಲಿ ಡಿಪಾಸಿಟ್ ಮಾಡಬೇಕು. ಹೊಂಗಡಹಳ್ಳದ ಕಡೆಯಿಂದಲೂ ನಮ್ಮ ಕಡೆಯಿಂದಲೂ ಜೀಪುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಕೋವಿ ಒಳಗೆ ಕೊಟ್ಟು ಎಲ್ಲರೂ ಎದುರಿನ ಹೋಟೆಲಿನಲ್ಲಿ ಕೂತರೆ ಮಸಾಲೆ ದೋಸೆ, ಕಾಫಿ ರೇಟು, ಯಾರ ಮನೆ ಹೆಣ್ಣು ಯಾರ ಮನೆಗೆ, ಎಲ್ಲ ಅಲ್ಲೇ ತೀರ್ಮಾನ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಒಂದು ಎಲೆಕ್ಷನ್ನಿನ ಗೋಡೆ ಬರಹ ಅಳಿಸೋದರೊಳಗೆ ಇನ್ನೊಂದು ಬರುತ್ತಿತ್ತು.

ನಮ್ಮನೆಯವರು ಆಗಲೂ ಹೋಗುತ್ತಿದ್ದರು. ಜೀಪು ತೊಳೆದು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಖಾಲಿ ಕೈಯಲ್ಲಿ. ಪಕ್ಕದ ತೋಟದ ಸಾಹುಕಾರರು ದೂರದ ಸಂಬಂಧದಲ್ಲಿ ನಮಗೆ ಭಾವ ಆಗಬೇಕು. ಅವರು ಹೋಟೆಲಿನ ಬಾಗಿಲಲ್ಲೇ ನಿಂತು, ಹತ್ತು ಜನಕ್ಕೆ ಕೇಳೋ ಹಾಗೆ, "ನೀನ್ಯಾಕೆ ಬಂದೆ ಮಾರಾಯ? ಕಳೆ ಕತ್ತಿ ಡಿಪಾಸಿಟ್ ಮಾಡಕಾ?" ಅಂದರಂತೆ. ಮನೆಗೆ ಬಂದು ಇವರು ಆ ದಿನ ಊಟ ಮಾಡಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯ್ತು.

ಕೋವಿಯನ್ನು ನಮ್ಮನೆಯವರ ಹೆಸರಿಗೆ ಮಾಡಿಸೋಕೆ ದೊಡ್ಡ ಅಡ್ಡಿಯೇನೂ ಇರಲಿಲ್ಲ. ನಾದಿನಿಯರಿಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದ್ದರು. ಬಾಕಿ ಇದ್ದದ್ದು ನಮ್ಮ ಅತ್ತೆಯ ಹೆಬ್ಬೆಟ್ಟು.

"ಅವ್ವ, ಇಲ್ಲೊಂದು ಹೆಬ್ಬೆಟ್ಟು ಒತ್ತು."

"ಯಾಕ್ಲಾ?"

"ಅಪ್ಪನ ಕೋವಿ ನನ್ನ ಹೆಸರಿಗೆ ಬರ್ತದೆ."

ಅತ್ತೆ ಇಂಕ್ ಪ್ಯಾಡಿನ ಮುಚ್ಚಳ ಹಾಕಿ ದೂರ ತಳ್ಳಿದರು. "ಡ್ರಮ್ಮು ನೆನಪೈತಾ?" ಅಂದರು.

ಡ್ರಮ್ಮಿನ ಕಥೆ ನನ್ನ ಮದುವೆಗಿಂತ ಹಿಂದಿನದು. ಮಬ್ಬುಗತ್ತಲಲ್ಲಿ ಹಂದಿ ಕಾಯೋಕೆ ಅಂತ ಅಪ್ಪನ ಕೋವಿ ತಗೊಂಡು ಹೋದ ಇವರು, ಬೇಲಿಯಾಚೆ ಕಪ್ಪಗೆ ದಪ್ಪಗೆ ಏನೋ ಕಂಡಿತು ಅಂತ ಹೊಡೆದೇಬಿಟ್ಟರು. ಅದು ಭಾವನವರು ಮಾರನೇ ದಿನ ಕಾಫಿಗಿಡಕ್ಕೆ ಹೊಡೆಸೋಕೆ ಕಲಸಿಟ್ಟಿದ್ದ ಬೋರ್ಡೋ ಔಷಧಿ ಡ್ರಮ್ಮು. ನೀಲಿ ನೀರು ದಾರಿಯುದ್ದಕ್ಕೂ ಹರಿಯಿತು. ಕೆಳಗೆ ಮಲಗಿದ್ದ ಭಾವನವರ ಬಿಳಿ ನಾಯಿ ಒಂದು ತಿಂಗಳು ನೀಲಿಯಾಗಿಯೇ ಓಡಾಡಿತು. ಊರವರು ಅದನ್ನು ತೋರಿಸಿ, "ನೋಡ್ರಪ್ಪ, ಗೌಡ್ರ ಮಗ ಹೊಡೆದ ಹಂದಿ ಬತ್ತಾ ಐತೆ" ಅನ್ನುತ್ತಿದ್ದರಂತೆ.

ಹಡಗಿನಲ್ಲಿ ಬಂದ ಪಿಸ್ತೂಲು

ಅಂಥ ಹೊತ್ತಿನಲ್ಲಿ ಇವರು ಮಂಗಳೂರಿಗೆ ಹೋಗಿ ಬಂದರು. ಅಲ್ಲಿ ಇವರ ಜೊತೆ ಓದಿದ ಒಬ್ಬರು ಹಡಗಿನಲ್ಲಿ ಕೆಲಸಕ್ಕಿದ್ದರು. ಅವರು ಯಾವುದೋ ದೇಶದಿಂದ ತಂದಿದ್ದ ಏರ್ ಪಿಸ್ತೂಲನ್ನು ಇವರಿಗೆ ಕೊಟ್ಟಿದ್ದರು. ಮೊಳದುದ್ದದ ಕಪ್ಪು ಸಾಮಾನು, ಕಬ್ಬಿಣದ್ದು, ಹಿಡಿ ಮಾತ್ರ ಪ್ಲಾಸ್ಟಿಕ್ಕು. ಅದಕ್ಕೆ ಮದ್ದಿಲ್ಲ, ಹೊಗೆಯಿಲ್ಲ, ಗಾಳಿ ತುಂಬಿ ಹೊಡೆಯೋದು. ನಳಿಗೆಯ ಕೆಳಗಿನ ಭಾಗವನ್ನು ಮೊಸಳೆ ಬಾಯಿ ಬಿಡಿಸಿದ ಹಾಗೆ ಬಿಡಿಸಿ, ಮತ್ತೆ ಟಪ್ ಅಂತ ಮುಚ್ಚಿದರೆ ಒಂದು ಪಂಪು. ಮೂರು ಪಂಪಿಗೆ ಗುಂಡು ಹೊರಗೆ ಬರುತ್ತೆ. ಹತ್ತು ಪಂಪಿಗೆ ಜೋರಾಗಿ ಬರುತ್ತೆ. ಗುಂಡು ಅಂದರೆ ಮೆಣಸಿನ ಕಾಳಿನಷ್ಟು ಸೀಸ.

"ಲೈಸೆನ್ಸೇ ಬೇಡ ಅವ್ವ!" ಅಂತ ಜಗಲಿಯಲ್ಲಿ ನಿಂತು ತೋರಿಸಿದರು.

ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಭಾರವೇನೋ ಐತೆ," ಅಂದರು. ಆಮೇಲೆ, "ನೋಡ್ಲಾ ಮಗ, ನಾನೂ ಕಲ್ಲಲ್ಲ. ಸ್ಟೋರ್‌ನಾಗೆ ಆ ಮೊಂಡು ಬಾಲದ ಹೆಗ್ಗಣ ಐತಲ್ಲ, ಮೂಟೆಯೆಲ್ಲ ಕಡ್ದು ತೂತು ಮಾಡ್ತಾ ಐತೆ. ಅದನ್ನ ಈ ಪಿಸ್ತೂಲಲ್ಲಿ ಸಾಯ್ಸಿದೋರಿಗೆ ನಿಮ್ಮಪ್ಪನ ಕೋವಿ. ಅವತ್ತೇ ಹೆಬ್ಬೆಟ್ಟು ಒತ್ತುತೀನಿ. ಹೆಗ್ಗಣಾನೇ ಹೊಡೆಯಕಾಗ್ದೋನಿಗೆ ಕೋವಿ ಕೊಟ್ರೆ ಊರು ಉಳೀತದಾ?" ಅಂದರು.

"ಒಂದು ವಾರ ಸಾಕು," ಅಂದರು ಇವರು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಆ ಕ್ಯಾಲೆಂಡರ್ ತೆಗೆದು ಹೊಸದು ಹಾಕಬೇಕಾಯ್ತು.

ಬಚ್ಚಲು ಮನೆಯ ಎಣಿಕೆ

ಕಾಫಿ ಸ್ಟೋರ್ ಅಂದರೆ ಕಾಫಿ ಮೂಟೆ ಇಡೋ ಕೋಣೆ, ಹಗಲಲ್ಲೂ ಕತ್ತಲೆ. ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಹೆಗ್ಗಣ ಹೊರಗೆ ಬರುತ್ತಿತ್ತು. ಇವರು ಮೂಟೆಯ ಹಿಂದೆ ಕೂತು ಪಂಪು ಹೊಡೆಯೋಕೆ ಶುರು ಮಾಡೋರು. ಟಪ್. ಹೆಗ್ಗಣ ಕಿವಿ ನಿಮಿರಿಸುತ್ತಿತ್ತು. ಟಪ್. ತಿರುಗಿ ನೋಡುತ್ತಿತ್ತು. ಟಪ್. ಹೋಗಿಬಿಡುತ್ತಿತ್ತು. ಉಳಿದ ಏಳು ಪಂಪನ್ನು ಇವರು ಯಾರಿಗೂ ಬೇಡದಿದ್ದರೂ ಹೊಡೆದು ಮುಗಿಸಿ, ಗೋಡೆಗೆ ಒಂದು ಗುಂಡು ಬಿಟ್ಟು ಬರುತ್ತಿದ್ದರು.

ಕೊನೆಗೊಂದು ಉಪಾಯ ಕಂಡುಕೊಂಡರು. ಸ್ಟೋರಿಗೆ ಅಂಟಿಕೊಂಡೇ ನಮ್ಮ ಬಚ್ಚಲು ಮನೆ, ಕಕ್ಕಸೂ ಅದರಲ್ಲೇ. ಅಲ್ಲಿ ಬಾಗಿಲು ಹಾಕಿಕೊಂಡು ಹತ್ತು ಪಂಪು ಮುಗಿಸಿ, ಸದ್ದಿಲ್ಲದೆ ಸ್ಟೋರಿಗೆ ಹೋಗೋದು. ಆರನೇ ಪಂಪಿನ ಮೇಲೆ ಅದು ಬಲು ಬಿಗಿ. ಎಮ್ಮೆ ಎಳೆದಷ್ಟು ಶಕ್ತಿ ಬೇಕು.

ಒಂದು ದಿನ ಭಾವನವರ ಹೆಂಡತಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದಾಗ ಬಚ್ಚಲಿನಿಂದ ಕೇಳಿಸಿತು.

"ಹ್ಞೂಂ... ಏಳು! ಅಯ್ಯೋ ಅಮ್ಮಾ... ಹ್ಞೂಂ... ಎಂಟು!"

ಆ ಅಕ್ಕ ನನ್ನ ಕೈ ಹಿಡಿದುಕೊಂಡು ಗುಟ್ಟಾಗಿ, "ಎಷ್ಟು ದಿನದಿಂದ ಹಿಂಗೆ?" ಅಂದರು.

ಅವರು ಏನು ಕೇಳಿದರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ದೇವರಾಣೆ ಗೊತ್ತಿತ್ತು. ಆದರೂ, "ಮಂಗಳೂರಿಂದ ಬಂದಾಗಿಂದ ಅಕ್ಕ," ಅಂದೆ. ಅದರಲ್ಲಿ ಸುಳ್ಳೇನಿದೆ?

"ದಿನಾನಾ?"

"ದಿನಾ."

"ಏನೂ ಆಗ್ತಿಲ್ವಾ?"

"ಇಷ್ಟು ಒದ್ದಾಡಿದ್ರೂ ಏನೂ ಆಗ್ತಿಲ್ಲ ಅಕ್ಕ."

ಸಂಜೆಯೊಳಗೆ ಅವರ ಮನೆಯಿಂದ ಒಂದು ಬಾಟಲಿ ಹರಳೆಣ್ಣೆ ಮತ್ತೆ ಎರಡು ಪರಂಗಿ ಹಣ್ಣು ಬಂದವು. ಹರಳೆಣ್ಣೆ ಯಾಕೆ ಅಂತ ಇವರು ಕೇಳಲಿಲ್ಲ, ಹಣ್ಣು ತಿಂದರು. ಮಾರನೇ ದಿನ ಅಂಗಡಿ ಹತ್ತಿರ ಭಾವನವರು ಸಿಕ್ಕಿ, ಅಪರೂಪಕ್ಕೆ ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿ, "ಈಗ ಹೆಂಗೈತೆ ಮಾರಾಯ?" ಅಂತ ಕೇಳಿದರಂತೆ. ಇವರ ತಲೆ ತುಂಬ ಹೆಗ್ಗಣವೇ.

"ಏನು ಹೇಳ್ಲಿ ಭಾವ, ಇವತ್ತು ಹೊರಗೆ ಬಂದಂಗೆ ಬಂದು ಮತ್ತೆ ಒಳಗೇ ಹೋಗ್ಬುಡ್ತು," ಅಂದರಂತೆ.

ಡಬ್ಬಿ ಮುಚ್ಚಳ

ಗುರಿ ಸರಿಯಾಗಬೇಕು ಅಂತ ಮನೆ ಹಿಂದಿನ ಹಲಸಿನ ಮರಕ್ಕೆ ಹಾಲಿನ ಪುಡಿ ಡಬ್ಬಿಯ ಮುಚ್ಚಳವೊಂದನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರು. ಹದಿನೈದು ಹೆಜ್ಜೆ ದೂರ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹತ್ತು ಗುಂಡು. ಎರಡು ವಾರವಾದರೂ ಮುಚ್ಚಳ ಹೊಸದರ ಹಾಗೆ ಹೊಳೆಯುತ್ತಿತ್ತು. ಮರಕ್ಕೂ ಏಟು ಬಿದ್ದಿರಲಿಲ್ಲ, ಪುಣ್ಯಕ್ಕೆ. ಹಲಸಿನ ಮರ ಎಷ್ಟು ದಪ್ಪ ಇರುತ್ತೆ ಅಂತ ನೋಡಿದವರಿಗೆ ಗೊತ್ತು.

ಗಂಡಸು ಮುಖ ಇಳಿಸಿಕೊಂಡು ಒಳಗೆ ಬರೋದನ್ನು ದಿನಾ ನೋಡೋಕೆ ನನಗೆ ಆಗಲಿಲ್ಲ. ನಾನು ಚಿಕ್ಕಂದಿನಲ್ಲಿ ತೌರಿನ ಹೊಲದಲ್ಲಿ ಹಕ್ಕಿ ಕಾಯುತ್ತಾ ಕಲ್ಲು ಬೀಸಿ ಬೆಳೆದವಳು. ಅಡುಗೆ ಮನೆ ಕಿಟಕಿಯಿಂದ ಮುಚ್ಚಳ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಇವರು ಗುಂಡು ಬಿಟ್ಟ ಗಳಿಗೆಗೆ ಸರಿಯಾಗಿ ಒಂದು ಸಣ್ಣ ಬೆಣಚು ಕಲ್ಲು ಬೀಸಿದೆ. ಟಣ್!

"ಅವ್ವಾ! ಬಿತ್ತು! ಅವ್ವಾ!"

ಅಯ್ಯಪ್ಪ, ಆ ಸಂತೋಷ! ತೋಟದಲ್ಲಿದ್ದ ಆಳುಗಳೆಲ್ಲ ಓಡಿ ಬಂದರು. ನಾನೂ ಕೈ ಒರೆಸಿಕೊಂಡು ಬಂದು, "ಹೌದಾ ರೀ? ಬಿತ್ತಾ ರೀ?" ಅಂದೆ. ಅತ್ತೆ ಬಂದು ಕಲ್ಲಿನ ಮೇಲೆ ಕೂತರು. "ಇನ್ನೊಂದ್ಸಲ ಹೊಡಿ, ನೋಡಾನ," ಅಂದರು. ನಾನು ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಒಳಗೆ ಓಡಿದೆ. ಟಣ್! ಮತ್ತೊಂದು ಸಲ. ಟಣ್! ಇವರು ಕಾಲರ್ ಎತ್ತಿಕೊಂಡು ನಿಂತರು. ನಾಲ್ಕನೇ ಸಲಕ್ಕೆ ಪಿಸ್ತೂಲು ಕೈಕೊಟ್ಟಿತು. ಹಿಂದಿನ ಬೋಲ್ಟ್ ಅನ್ನೋ ಕಡ್ಡಿಯನ್ನು ಮೊದಲು ಎಳೆಯದೆ ಪಂಪು ಹೊಡೆದಿದ್ದರಂತೆ, ಗಾಳಿಯೆಲ್ಲ ಸೋರಿ ಗುಂಡು ನಳಿಗೆಯಲ್ಲೇ ಉಳಿಯಿತು. ನನಗೆ ಒಳಗಿಂದ ಅದೆಲ್ಲ ಹೇಗೆ ಗೊತ್ತಾಗಬೇಕು? ಇವರು ಪಿಸ್ತೂಲಿನ ಕುದುರೆ ಒತ್ತಿದ ಕೂಡಲೇ ನಾನು ಕಲ್ಲು ಬೀಸಿದೆ. ಪಿಸ್ತೂಲು ಫುಸ್ ಅಂತು. ಮುಚ್ಚಳ ಟಣ್ ಅಂತು.

ಇವರು ಪಿಸ್ತೂಲಿನ ಬಾಯಿ ನೋಡಿದರು, ಮುಚ್ಚಳ ನೋಡಿದರು.

ಅತ್ತೆ ಎದ್ದು ಸೀರೆ ಕೊಡವಿಕೊಂಡು ಅಡುಗೆ ಮನೆ ಕಿಟಕಿಯ ಹತ್ತಿರ ಬಂದು, "ಹಾಲು ಉಕ್ಕಿತಾ ಮಗಾ?" ಅಂದರು.

ಎಣ್ಣೆ

ಪಿಸ್ತೂಲಿನ ಪಂಪಿಗೆ ಆಗಾಗ ಎಣ್ಣೆ ಬಿಡಬೇಕಂತೆ. ಅದಕ್ಕೆ ಬೇರೆ ಎಣ್ಣೆ ಬರುತ್ತೆ ಅಂತ ಇವರಿಗೆ ಗೊತ್ತಿತ್ತು, ಸಕಲೇಶಪುರದಲ್ಲಿ ಸಿಗಲಿಲ್ಲ. ತಲೆಗೆ ಹಾಕೋ ಕೊಬ್ಬರಿ ಎಣ್ಣೆಯನ್ನೇ ಬಿಟ್ಟರು. ಪಂಪಿಗೆ ಬಿಟ್ಟದ್ದಲ್ಲದೆ ಹೊಳಪು ಬರಲಿ ಅಂತ ಹಿಡಿಗೂ ಚೆನ್ನಾಗಿ ತಿಕ್ಕಿದರು. ಆಮೇಲೆ ಸ್ಟೋರಿನಲ್ಲಿ, ಕೂರೋ ಜಾಗದ ಪಕ್ಕದಲ್ಲೇ ಒಂದು ಮೂಟೆಯ ಮೇಲಿಟ್ಟು ಊಟಕ್ಕೆ ಬಂದರು.

ಊಟ ಮುಗಿಸಿ ಹೋಗಿ ನೋಡಿದರೆ ಹಿಡಿಯ ಒಂದು ಪಕ್ಕ ಇಲ್ಲ. ಹಲ್ಲಿನ ಗುರುತು ಸಾಲಾಗಿ, ಜೋಳದ ತೆನೆ ತಿಂದ ಹಾಗೆ. ತನ್ನನ್ನು ಕೊಲ್ಲೋಕೆ ಮಂಗಳೂರಿನಿಂದ ಬಂದ ಪಿಸ್ತೂಲನ್ನು ಹೆಗ್ಗಣ ತಿಂದಿತ್ತು.

ಇವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತರು. ಕಣ್ಣಲ್ಲಿ ನೀರೇ ಇತ್ತು. ಅತ್ತೆ ನೋಡಿ, ಪಾಪ ಅನ್ನಿಸಿತೋ ಏನೋ, ಮೆತ್ತಗೆ ಕೇಳಿದರು:

"ಅದಕ್ಕೆ ಸೇರ್ತಾ?"

ಬಾಲ

ಮಳೆಗಾಲ ಶುರುವಾಯ್ತು. ಇನ್ನೊಂದು ಎಲೆಕ್ಷನ್ ಬರುತ್ತೆ ಅನ್ನೋ ಸುದ್ದಿಯೂ ಶುರುವಾಯ್ತು. ಇವರಿಗೆ ನಿದ್ದೆ ಬರದಂತಾಯ್ತು. ಒಂದು ಬೆಳಿಗ್ಗೆ ಸ್ಟೋರಿನಿಂದ ಒಂದೇ ಕೂಗು.

"ಅವ್ವಾ! ಸಾಯ್ಸಿದೆ! ಬಾರವ್ವಾ!"

ಹೋಗಿ ನೋಡಿದೆವು. ಮೂಟೆಯ ಪಕ್ಕದಲ್ಲಿ ನಿಜವಾಗಿಯೂ ಹೆಗ್ಗಣ ಬಿದ್ದಿತ್ತು. ಮುಂಗೈ ಗಾತ್ರದ್ದು. ಅದರ ಪಕ್ಕದಲ್ಲಿ ಇವರು ಪಿಸ್ತೂಲು ಹಿಡಿದುಕೊಂಡು ಫೋಟೋಕ್ಕೆ ನಿಂತ ಹಾಗೆ ನಿಂತಿದ್ದರು. ನಾನು ಇಂಕ್ ಪ್ಯಾಡ್ ತರೋಕೆ ಹೊರಟೆ, ಅಷ್ಟು ಖುಷಿಯಾಗಿತ್ತು ನನಗೆ. ಅತ್ತೆ, "ನಿಂತ್ಕೊ," ಅಂದರು.

ಕುಕ್ಕರುಗಾಲಿನಲ್ಲಿ ಕೂತು ಕಡ್ಡಿಯಿಂದ ಅದನ್ನು ಆಕಡೆ ಈಕಡೆ ಹೊರಳಿಸಿದರು. "ಕುತ್ತಿಗೆ ಮುರ್ದೈತೆ. ಬೋನಿನ ತಂತಿ ಬಿದ್ದಂಗೈತೆ," ಅಂದರು. ಭಾವನವರ ತೋಟದಲ್ಲಿ ಹಿಂದಿನ ದಿನ ಬೋನಿಗೆ ಎರಡು ಹೆಗ್ಗಣ ಬಿದ್ದಿದ್ದವು ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ಅಲ್ಲಿನ ಆಳಿಗೆ ಇವರು ಒಂದು ಕಟ್ಟು ಬೀಡಿ ಕೊಟ್ಟು ಒಂದನ್ನು ತಂದಿದ್ದರು.

ಅತ್ತೆ ಕಡ್ಡಿಯಿಂದ ಬಾಲವನ್ನು ಎತ್ತಿ ಹಿಡಿದರು. ಉದ್ದಕ್ಕೆ, ನೆಟ್ಟಗೆ, ತುದಿಯ ತನಕ ಪೂರ್ತಿ ಬಾಲ.

"ನಮ್ಮದು ಮೊಂಡು ಬಾಲದ್ದಲ್ವೇನ್ಲಾ?"

ಇವರು ಬಾಲ ನೋಡಿದರು. ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು.

"ಮಳೆಗಾಲ ಅಲ್ವಾ ಅವ್ವ," ಅಂದರು. "ಬೆಳ್ದಿರ್ಬೇಕು."

ವಿಚಾರಣೆ

ಕಾಫಿ ಕೊಯ್ಲಿನ ಕಾಲಕ್ಕೆ ಇವರು ಕೊನೆಯ ದಾರಿ ಹಿಡಿದರು. ಅವ್ವನ ಹೆಬ್ಬೆಟ್ಟು ಆಮೇಲೆ ಕೊಡ್ತೀನಿ ಅಂತ ಬರೆದು ಅರ್ಜಿ ಹಾಕಿಬಿಟ್ಟರು. ಅರ್ಜಿದಾರ ಎಂಥವನು, ಕೋವಿ ಕೊಡಬಹುದೋ ಬೇಡವೋ ಅಂತ ಮನೆಗೇ ಬಂದು ವಿಚಾರಿಸೋಕೆ ಒಬ್ಬರು ಹೆಡ್ ಕಾನ್‌ಸ್ಟೇಬಲ್ ಬಂದರು. ವಯಸ್ಸಾದವರು, ಒಳ್ಳೆ ಮನುಷ್ಯ. ಜಗಲಿಯಲ್ಲಿ ಕೂರಿಸಿ ಕಾಫಿ, ಕಡುಬು ಕೊಟ್ಟೆ. ಅಂಗಳದ ಕಣದಲ್ಲಿ ಕಾಫಿ ಒಣಗುತ್ತಿತ್ತು. ಅವತ್ತೇ ಆಳುಗಳು ಸ್ಟೋರಿನ ಹಳೇ ಮೂಟೆಗಳನ್ನು ಎತ್ತಿ ಹೊರಗೆ ಹಾಕುತ್ತಿದ್ದರು. ವಿಷಯ ಹೇಗೋ ಗೊತ್ತಾಗಿ ಭಾವನವರೂ ಬಂದು ಕೂತಿದ್ದರು. ಇಂಥದಕ್ಕೆಲ್ಲ ಅವರು ತಪ್ಪಿಸಿಕೊಳ್ಳೋರಲ್ಲ.

ಪೊಲೀಸಿನವರು ಪೆನ್ನು ತೆಗೆದು, "ಏನಮ್ಮ, ನಿಮ್ಮ ಮಗನಿಗೆ ಕೋವಿ ಕೊಡಬಹುದಾ?" ಅಂತ ಕೇಳಿದರು.

"ಬ್ಯಾಡಿ ಸ್ವಾಮಿ," ಅಂದರು ಅತ್ತೆ, ಕಡುಬಿನ ತಟ್ಟೆ ಮುಂದೆ ಸರಿಸುತ್ತಾ. "ಇನ್ನೊಂದು ಹಾಕ್ಕೊಳ್ಳಿ."

ಇವರ ಮುಖ ಸುಣ್ಣದ ಹಾಗಾಯ್ತು. "ಅವ್ವ, ಎಲ್ಲರೆದುರಿಗೆ ಹಿಂಗಾ ಮರ್ಯಾದೆ ತೆಗೆಯೋದು? ಅಪ್ಪ ಇದ್ದಿದ್ರೆ ಕೊಡ್ತಿದ್ದ," ಅಂದರು. ನನಗೆ ಆಗ ನಗು ಬರಲಿಲ್ಲ, ನಿಜವಾಗಿ ಹೇಳ್ತೀನಿ. ಎರಡು ವರ್ಷ ಒದ್ದಾಡಿದ್ದಾರೆ ಮನುಷ್ಯ. ಒಂದು ಹೆಬ್ಬೆಟ್ಟು ಒತ್ತಿದರೆ ಈ ಮುದುಕಿಯ ಗಂಟೇನು ಹೋಗುತ್ತೆ ಅಂತ ಅತ್ತೆಯ ಮೇಲೆ ಸಿಟ್ಟೇ ಬಂತು.

ಅಷ್ಟರಲ್ಲಿ ಸ್ಟೋರಿನಿಂದ ಆಳುಗಳು ಕೂಗಿಕೊಂಡರು. ಕೊನೇ ಮೂಟೆ ಎತ್ತಿದ್ದೇ ತಡ, ಹೆಗ್ಗಣ ಹೊರಗೆ ಬಿತ್ತು. ಬಿಸಿಲಿಗೆ ಕಣ್ಣು ಕಾಣದೆ ನೇರ ಕಣಕ್ಕೇ ಬಂದು, ಒಣಗೋಕೆ ಹಾಕಿದ್ದ ಕಾಫಿಯ ನಡುವೆ ದಿಕ್ಕು ತೋಚದೆ ನಿಂತುಬಿಟ್ಟಿತು. ಮೊಂಡು ಬಾಲ! ಎಲ್ಲರಿಗೂ ಕಾಣಿಸಿತು.

"ಪಿಸ್ತೂಲು! ಪಿಸ್ತೂಲು ತಾರೇ!" ಅಂದರು ಇವರು. ನಾನು ಓಡಿ ತಂದುಕೊಟ್ಟೆ.

ಬೋಲ್ಟ್ ಎಳೆದರು. ಪಂಪು ಶುರುವಾಯ್ತು. ಟಪ್. ಟಪ್. ಟಪ್. ಭಾವನವರು ಎದ್ದು ನಿಂತರು. ಆಳುಗಳು ಸುತ್ತ ನಿಂತು ಹೆಗ್ಗಣ ಆಚೆ ಹೋಗದ ಹಾಗೆ ಗೋಣಿ ಹಿಡಿದರು. ಪೊಲೀಸಿನವರೇ ಕಡುಬು ತಿನ್ನೋದು ಬಿಟ್ಟು ಎಣಿಸೋಕೆ ಶುರು ಮಾಡಿದರು. "ಏಳು... ಎಂಟು... ಗಟ್ಟಿ ಒತ್ರೀ... ಒಂಬತ್ತು..." ನಾನು ಮನೆದೇವರಿಗೆ ಹರಕೆ ಹೊತ್ತೆ. "ಹತ್ತು!" ಇವರು ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಗುರಿಯಿಟ್ಟು, ಕುದುರೆ ಒತ್ತಿದರು.

ಢಬ್ ಅಂತು. ಹೆಗ್ಗಣ ಹಾಗೇ ನಿಂತಿತ್ತು. ಪಿಸ್ತೂಲಿಗೆ ಗುಂಡು ಹಾಕೋದನ್ನೇ ಮರೆತಿದ್ದರು.

"ಗುಂಡು ಎಲ್ಲೇ?" ಅಂತ ನನ್ನ ಕಡೆ ತಿರುಗಿದರು. ಗುಂಡಿನ ಡಬ್ಬಿ ಮನೆಯೊಳಗೆ ಅಲಮಾರಿಯಲ್ಲಿತ್ತು. ಹೆಗ್ಗಣಕ್ಕೆ ಅಷ್ಟರಲ್ಲಿ ದಾರಿ ಕಂಡಿತು. ಗೋಣಿಗಳ ಸಂದಿಯಲ್ಲಿ ನುಗ್ಗಿ ಬಚ್ಚಲಿನ ಕಡೆಗೆ ಓಟ ಕಿತ್ತಿತು. ಜಗಲಿಯ ಮುಂದೆಯೇ ಹಾದು ಹೋಗಬೇಕಿತ್ತು ಅದು.

ಅತ್ತೆ ಎದ್ದರು. ಮಗನ ಕೈಯಿಂದ ಪಿಸ್ತೂಲು ಕಿತ್ತುಕೊಂಡರು. ನಲವತ್ತು ವರ್ಷ ಇದೇ ಕಣದಲ್ಲಿ ಮಂಗಗಳಿಗೆ ಸೌದೆ ತುಂಡು ಬೀಸಿದ ಕೈ ಅದು. ನಳಿಗೆ ಹಿಡಿದು ಒಂದು ಸಲ ಹಿಂದಕ್ಕೆ ತೂಗಿ ಎಸೆದರು ನೋಡಿ! ಕಬ್ಬಿಣದ ಪಿಸ್ತೂಲು ಗಿರಗಿರ ತಿರುಗುತ್ತಾ ಹೋಗಿ ಹೆಗ್ಗಣದ ನೆತ್ತಿಗೇ ಬಡಿಯಿತು. ಅದು ಒಂದು ಪಲ್ಟಿ ಹೊಡೆದು ಮಲಗಿದ್ದು ಮತ್ತೆ ಏಳಲಿಲ್ಲ.

ಪೊಲೀಸಿನವರು ಕೆಳಗಿಳಿದು ಹೋಗಿ ಬಗ್ಗಿ ನೋಡಿ ಬಂದರು. "ಸತ್ತೈತೆ," ಅಂದರು, ಪಂಚನಾಮೆ ಮಾಡಿದ ಹಾಗೆ.

"ಈ ಪಿಸ್ತೂಲಲ್ಲಿ ಸಾಯ್ಸಿದೋರಿಗೆ ಕೋವಿ ಅಂದಿದ್ದೆ," ಅಂದರು ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. "ಆಡಿದ ಮಾತಿಗೆ ತಪ್ಪೋಳಲ್ಲ ನಾನು. ಸ್ವಾಮಿ, ಆ ಅರ್ಜೀಲಿ ಹೆಸರು ಬದ್ಲಾಯ್ಸಿ. ಏ ಹುಡುಗಿ, ಇಂಕ್ ಪ್ಯಾಡ್ ತಗೊಂಬಾ."

ಅರ್ಜಿ ತಿದ್ದೋಕೆ ಬರಲ್ಲ, ಹೊಸದು ಹಾಕಬೇಕು ಅಂತ ಪೊಲೀಸಿನವರು ನಗು ತಡೆದುಕೊಂಡು ಹೇಳಿದರು. ಹೊಸದೇ ಹಾಕಿದೆವು. ಅದಕ್ಕೀಗ ಮಕ್ಕಳ ಒಪ್ಪಿಗೆ ಬೇಕಾಯ್ತು. ನಾದಿನಿಯರು ನಗುತ್ತಾ ಸಹಿ ಹಾಕಿದರು. ಇವರು ಹಾಕಲಿಲ್ಲ. ಪೇಪರು ಮುಂದಿಟ್ಟರೆ ತೋಟಕ್ಕೆ ಎದ್ದು ಹೋಗುತ್ತಿದ್ದರು. "ನಾನು ಎರಡು ವರ್ಷ ಸತಾಯ್ಸಿಲ್ವಾ? ಅವನೂ ಸತಾಯ್ಸ್ಲಿ ಬುಡು," ಅಂದರು ಅತ್ತೆ ನನ್ನ ಹತ್ತಿರ. ಎಂಟನೇ ದಿನ ಇವರು ಸಹಿ ಹಾಕಿದರು, ಪೇಪರು ಹರಿಯೋ ಹಾಗೆ ಒತ್ತಿ.

ಲೈಸೆನ್ಸ್ ಬಂತು. ಕೋವಿ ಮನೆಗೆ ಬಂದ ದಿನ ಅತ್ತೆ ಅದನ್ನು ತೊಡೆ ಮೇಲಿಟ್ಟುಕೊಂಡು, ಸೆರಗಿನ ತುದಿಯಿಂದ ಒರೆಸಿ ಒರೆಸಿ, ಒಂದು ಗಳಿಗೆ ಅತ್ತರು. "ಅವರು ಹೋದಾಗಿಂದ ಆ ಗೂಟ ನೋಡಕಾಯ್ತಿರ್ಲಿಲ್ಲ ಕಣವ್ವ," ಅಂದರು. ಮಗನಿಗಿಂತ ಅವರಿಗೇ ಆ ಕೋವಿ ಬೇಕಾಗಿತ್ತು ಅಂತ ನನಗೆ ಆಗ ಹೊಳೆಯಿತು. ನನ್ನ ಕಣ್ಣೂ ಒದ್ದೆಯಾಯ್ತು. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಒಳಗೆ ಬಂದು ಅವ್ವನ ಪಕ್ಕದಲ್ಲಿ ಕೂತರು.

ಅದೆಲ್ಲ ಒಂದು ದಿನ. ಮುಂದಿನ ಎಲೆಕ್ಷನ್ ಬಂದಾಗ ಜೀಪು ತೊಳೆದದ್ದು ಇವರೇ, ಓಡಿಸಿದ್ದೂ ಇವರೇ. ಅತ್ತೆ ಮುಂದಿನ ಸೀಟಿನಲ್ಲಿ ಕೋವಿಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತರು. ನಾನು ಹಿಂದೆ. ಸ್ಟೇಷನ್ ಮುಂದೆ ಇಳಿದಾಗ ಅಷ್ಟೂ ಜೀಪಿನ ಗಂಡಸರು ಮಾತು ನಿಲ್ಲಿಸಿದರು. ಭಾವನವರು ದಡಬಡನೆ ಎದ್ದು ಬಂದು, "ಅತ್ತೆಮ್ಮ, ಬನ್ನಿ, ಬನ್ನಿ," ಅಂತ ದಾರಿ ಬಿಟ್ಟರು. ಇವರ ಕಡೆ ತಿರುಗಿ ಏನೋ ಅನ್ನೋಕೆ ಬಾಯಿ ತೆರೆದವರು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡರು.

ಜೀಪಿನಿಂದ ಬಾಗಿಲ ತನಕ ಇಪ್ಪತ್ತು ಹೆಜ್ಜೆ. "ಕೊಡವ್ವ, ನಾನು ಹಿಡ್ಕೊಂಡ್ ಬತ್ತೀನಿ," ಅಂತ ಇವರು ಕೈ ಚಾಚಿದರು. ಆ ಇಪ್ಪತ್ತು ಹೆಜ್ಜೆಗೋಸ್ಕರ ಅವರು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದಿದ್ದರು ಅಂತ ನನಗೊಬ್ಬಳಿಗೇ ಗೊತ್ತು.

"ಲೈಸೆನ್ಸ್ ಇಲ್ದೋರು ಮುಟ್ಟಂಗಿಲ್ಲ ಕಣ್ಲಾ," ಅಂದು ಅತ್ತೆ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟರು.

ಒಳಗೆ ಕೋವಿ ಕೊಟ್ಟಾಯ್ತು. ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿಯಾಯ್ತು. ಪೊಲೀಸಿನವರು ಸೀಲು ಹಾಕಿ ಒಂದು ರಸೀದಿ ಹರಿದು ಕೊಟ್ಟರು. ಅದನ್ನು ಅತ್ತೆ ಕುಪ್ಪಸದೊಳಗಿನ ಎಲೆ ಅಡಿಕೆ ಚೀಲಕ್ಕೆ ಸೇರಿಸೋದರಲ್ಲಿದ್ದರು. ಹೊರಗೆ ಹೋಟೆಲಿನಲ್ಲಿ ಎಲ್ಲರೂ ಈ ಕಡೆಯೇ ನೋಡುತ್ತಾ ಕೂತಿದ್ದರು. ಇವರು ಅವ್ವನ ಹತ್ತಿರ ಬಗ್ಗಿ, ನನಗೂ ಕೇಳಿಸಬಾರದು ಅಂತ ದನಿ ಇಳಿಸಿ,

"ಅವ್ವ, ಹೋಟೆಲ್ ತನಕ ರಸೀದಿನಾದ್ರೂ ನಾನು ಹಿಡ್ಕೊಳ್ಳಾ?" ಅಂದರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಬಿಳಿ ಶರ್ಟು, ಇಸ್ತ್ರಿ, ಎಲ್ಲ ನೋಡಿದರು. ರಸೀದಿಯನ್ನು ಕೈಯಲ್ಲಿಟ್ಟರು.

"ಹಿಡ್ಕೊ," ಅಂದರು. "ಯಾರ ಕಡೆಗೂ ಗುರಿ ಇಡಬ್ಯಾಡ."